ಗ್ರಂಥಾಲಯದ ಜಾಲತಾಣಕ್ಕೊಂದು ಡೇಟಾಬೇಸ್

(ಉಪನ್ಯಾಸದ ಬರಹ ರೂಪ. ಡೇಟಾಬೇಸಿಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನ ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಡೇಟಾಬೇಸ್ ಎಂದ ಕೂಡಲೇ ಬರುವ ಮೊದಲ ಪ್ರಶ್ನೆ, ಮೈಎಸ್‌ಕ್ಯೂಎಲ್ ಹಾಕಬೇಕೋ ಪೋಸ್ಟ್‌ಗ್ರೆಸ್‌ಕ್ಯೂಎಲ್ ಹಾಕಬೇಕೋ ಎಂಬುದು (ಎರಡೂ ಡೇಟಾಬೇಸ್ ನಡೆಸುವ ತಂತ್ರಾಂಶಗಳು, ಎರಡನೆಯದನ್ನು ಮುಂದೆ ಪೋಸ್ಟ್‌ಗ್ರೆಸ್ ಎನ್ನುತ್ತೇನೆ). ಅದಕ್ಕೆ ಕೊನೆಯಲ್ಲಿ ಐದು ನಿಮಿಷ ಸಾಕು. ಜಾಲತಾಣದ ಬಣ್ಣ, ವಿನ್ಯಾಸ, ಹಿಂದಿರುವ ಪ್ರೋಗ್ರಾಂ ಇವೆಲ್ಲ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಟೇಬಲ್‌ಗಳಲ್ಲಿ ತುಂಬಿದ ಮಾಹಿತಿ ಮಾತ್ರ ಹಾಗೇ ಮುಂದಕ್ಕೆ ಸಾಗುತ್ತದೆ, ಅದರೊಳಗಿನ ತಪ್ಪುಗಳ ಸಮೇತ. ಹಾಗಾಗಿ ಇವತ್ತಿನ ಹೆಚ್ಚಿನ ಸಮಯ ಎರಡು ವಿಷಯಕ್ಕೆ: ಟೇಬಲ್‌ಗಳನ್ನು ಹೇಗೆ ಬಿಡಿಸಬೇಕು, ಕನ್ನಡ ಪಠ್ಯವನ್ನು ಅವುಗಳಲ್ಲಿ ಕೆಡದಂತೆ ಹೇಗೆ ಇಡಬೇಕು.

ಉದಾಹರಣೆಗೆ ಒಂದು ಊರಿನ ಗ್ರಂಥಾಲಯವನ್ನು ಇಟ್ಟುಕೊಳ್ಳೋಣ. ಹತ್ತು ಸಾವಿರ ಪುಸ್ತಕ, ಎಂಟುನೂರು ಸದಸ್ಯರು. ಯಾವ ಪುಸ್ತಕ ಇದೆ, ಯಾವುದು ಹೊರಗೆ ಹೋಗಿದೆ ಎಂದು ಓದುಗರು ಮನೆಯಿಂದಲೇ ಫೋನಿನಲ್ಲಿ ನೋಡುವಂತಾಗಬೇಕು. ಪುಸ್ತಕಕ್ಕೊಂದು ಪುಟ ಎಂದು ಎಚ್‌ಟಿಎಂಎಲ್ ಬರೆಯುತ್ತ ಹೋದರೆ ಹತ್ತು ಸಾವಿರ ಕಡತಗಳಾಗುತ್ತವೆ. ಅಡಿಬರಹದಲ್ಲಿರುವ ಫೋನ್ ನಂಬರ್ ಬದಲಾದ ದಿನ ಅಷ್ಟನ್ನೂ ತಿದ್ದಬೇಕು. ಡೇಟಾಬೇಸ್ ಇದ್ದರೆ ಪುಟದ ಅಚ್ಚು ಒಂದೇ. ಓದುಗ ಲಿಂಕ್ ಒತ್ತುತ್ತಾನೆ, ಬ್ರೌಸರ್ ಸರ್ವರಿಗೆ ಕೇಳುತ್ತದೆ, ಸರ್ವರಿನಲ್ಲಿರುವ ಪಿಎಚ್‌ಪಿ ಅಥವಾ ಪೈಥಾನ್ ಪ್ರೋಗ್ರಾಂ ಡೇಟಾಬೇಸಿಗೆ ಒಂದು ಪ್ರಶ್ನೆ ಕಳಿಸುತ್ತದೆ, ಬಂದ ಸಾಲುಗಳನ್ನು ಅಚ್ಚಿಗೆ ತುಂಬಿ ಪುಟವಾಗಿ ಹಿಂದಿರುಗಿಸುತ್ತದೆ. ಬ್ರೌಸರ್ ಡೇಟಾಬೇಸಿನೊಡನೆ ಯಾವತ್ತೂ ನೇರವಾಗಿ ಮಾತಾಡುವುದಿಲ್ಲ, ಮಾತಾಡಲು ಬಿಡಲೂಬಾರದು. ಮೈಎಸ್‌ಕ್ಯೂಎಲ್‌ನ 3306, ಪೋಸ್ಟ್‌ಗ್ರೆಸ್‌ನ 5432 ಪೋರ್ಟ್‌ಗಳು (ಸರ್ವರಿನ ಬಾಗಿಲುಗಳ ಸಂಖ್ಯೆ) ಹೊರಜಗತ್ತಿಗೆ ಮುಚ್ಚಿರಬೇಕು.

ಪುಸ್ತಕ ಬೇರೆ, ಪ್ರತಿ ಬೇರೆ

ಎಲ್ಲರೂ ಮೊದಲು ಮಾಡುವುದು ಎಕ್ಸೆಲ್ ಹಾಳೆಯಂಥ ಒಂದೇ ಅಗಲವಾದ ಟೇಬಲ್: ಹೆಸರು, ಲೇಖಕ, ಪ್ರಕಾಶಕ, ಬೆಲೆ, ಯಾರು ತೆಗೆದುಕೊಂಡಿದ್ದಾರೆ, ಅವರ ಫೋನ್. ಒಂದೇ ಕಾದಂಬರಿಯ ಮೂರು ಪ್ರತಿಗಳಿದ್ದರೆ ಹೆಸರೂ ಲೇಖಕರೂ ಮೂರು ಸಲ ಬರೆಯಬೇಕಾಗುತ್ತದೆ. ಒಂದರಲ್ಲಿ ಕಾಗುಣಿತ ತಪ್ಪಿದರೆ ಹುಡುಕಿದಾಗ ಎರಡೇ ಸಿಗುತ್ತವೆ. ಸದಸ್ಯರು ಫೋನ್ ಬದಲಾಯಿಸಿದರೆ ಅವರು ಒಯ್ದ ಪುಸ್ತಕಗಳ ಸಾಲನ್ನೆಲ್ಲ ಹುಡುಕಿ ತಿದ್ದಬೇಕು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು ಮುಂದಿಟ್ಟ ಮೇಲೆ ಇದಕ್ಕೆ ಪರಿಹಾರ ಗಟ್ಟಿಯಾಯಿತು: ಒಂದು ಸಂಗತಿಯನ್ನು ಒಂದೇ ಕಡೆ ಬರೆ, ಬೇಕಾದ ಕಡೆ ಅದರ ಸಂಖ್ಯೆಯನ್ನು ತೋರಿಸು.

ನಮ್ಮ ಗ್ರಂಥಾಲಯಕ್ಕೆ ಪುಸ್ತಕ, ಪ್ರತಿ, ಲೇಖಕ, ಸದಸ್ಯ, ಎರವಲು ಎಂಬ ಐದು ಟೇಬಲ್ ಬೇಕು, ಜೊತೆಗೆ ಪುಸ್ತಕ-ಲೇಖಕ ಎಂಬ ಕೊಂಡಿ ಟೇಬಲ್. ಪುಸ್ತಕ ಎಂದರೆ ಕೃತಿ. ಪ್ರತಿ ಎಂದರೆ ಕಪಾಟಿನಲ್ಲಿ ಕೈಗೆ ಸಿಗುವ ವಸ್ತು, ರಿಜಿಸ್ಟರಿನಲ್ಲಿ ಪರಿಗ್ರಹಣ ಸಂಖ್ಯೆ ಇರುವುದು ಅದಕ್ಕೆ. ಎರವಲು ಹೋಗುವುದು ಪ್ರತಿಯೇ ಹೊರತು ಕೃತಿಯಲ್ಲ. ಈ ಭೇದ ಮೊದಲ ದಿನ ಮಾಡದಿದ್ದರೆ ಎರಡನೆಯ ಪ್ರತಿ ಬಂದ ದಿನ ಇಡೀ ವ್ಯವಸ್ಥೆ ಅಲುಗುತ್ತದೆ. ಕೊಂಡಿ ಟೇಬಲ್ ಏಕೆಂದರೆ ಒಂದು ಪುಸ್ತಕಕ್ಕೆ ಇಬ್ಬರು ಸಂಪಾದಕರಿರಬಹುದು, ಒಬ್ಬ ಲೇಖಕರಿಗೆ ಐವತ್ತು ಪುಸ್ತಕಗಳಿರಬಹುದು. ‘ಲೇಖಕ1, ಲೇಖಕ2, ಲೇಖಕ3’ ಎಂದು ಕಾಲಂ ಮಾಡಿದರೆ ನಾಲ್ಕನೆಯವರಿಗೆ ಜಾಗವಿಲ್ಲ. ಕೊಂಡಿ ಟೇಬಲಿನಲ್ಲಿ ಪುಸ್ತಕದ ಸಂಖ್ಯೆ, ಲೇಖಕರ ಸಂಖ್ಯೆ, ಅವರ ಪಾತ್ರ (ಲೇಖಕ, ಅನುವಾದಕ, ಸಂಪಾದಕ) ಈ ಮೂರು ಕಾಲಂ ಇದ್ದರೆ ಎಷ್ಟು ಜನರನ್ನಾದರೂ ಸೇರಿಸಬಹುದು.

ಕನ್ನಡದಲ್ಲಿ ಇದರ ಮೇಲೆ ಇನ್ನೊಂದು ಕಷ್ಟವಿದೆ, ಕಾವ್ಯನಾಮ. ಕುವೆಂಪು ಎಂದರೂ ಕೆ.ವಿ. ಪುಟ್ಟಪ್ಪ ಎಂದರೂ ಒಬ್ಬರೇ. ದ.ರಾ. ಬೇಂದ್ರೆ ಎಂದು ಹುಡುಕಿದವರಿಗೆ ಅಂಬಿಕಾತನಯದತ್ತ ಎಂದು ಅಚ್ಚಾದದ್ದೂ ಸಿಗಬೇಕು. ಹಾಗಾಗಿ ಲೇಖಕ ಟೇಬಲಿನ ಪಕ್ಕದಲ್ಲಿ ‘ಲೇಖಕರ ಹೆಸರು’ ಎಂಬ ಇನ್ನೊಂದು ಟೇಬಲ್ ಇಡಿ. ಅದರಲ್ಲಿ ಒಬ್ಬ ಲೇಖಕರ ಸಂಖ್ಯೆಗೆ ಎಷ್ಟು ಹೆಸರಾದರೂ ಇರಲಿ. ಹುಡುಕಾಟ ಈ ಟೇಬಲಿನ ಮೇಲೆ ನಡೆದು ಸಂಖ್ಯೆ ಹಿಡಿಯಲಿ. ಇದು ಅರ್ಧ ಗಂಟೆಯ ಕೆಲಸ, ಆದರೆ ಮಾಡಿದವರು ಕಡಿಮೆ.

ಪ್ರತಿಯೊಂದು ಟೇಬಲಿಗೂ ತನ್ನದೇ ಆದ ಪ್ರೈಮರಿ ಕೀ (ಒಂದೊಂದು ಸಾಲನ್ನೂ ಗುರುತಿಸುವ ಸಂಖ್ಯೆ) ಇರಲಿ, ತಾನಾಗಿ ಏರುವ ಪೂರ್ಣಾಂಕ. ಪುಸ್ತಕದ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್ ಅನ್ನೇ ಕೀ ಮಾಡುವ ಆಸೆ ಬರುತ್ತದೆ. ಬೇಡ. ಕನ್ನಡದ ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ. ಹತ್ತು ಅಂಕಿಯ ಐಎಸ್‌ಬಿಎನ್‌ನ ಕೊನೆಯಲ್ಲಿ ಎಕ್ಸ್ ಅಕ್ಷರವೂ ಬರಬಹುದು, ಅದಕ್ಕಾಗಿ ಅದನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಇಡಬೇಕು. ಫೋನ್ ನಂಬರೂ ಪಠ್ಯವೇ: ಅದನ್ನು ಕೂಡಿ ಕಳೆಯುವುದಿಲ್ಲ, ಮುಂದೆ ಸೊನ್ನೆ ಇದ್ದರೆ ಪೂರ್ಣಾಂಕದ ಕಾಲಂ ಅದನ್ನು ನುಂಗುತ್ತದೆ. ಬೆಲೆ ಮತ್ತು ದಂಡಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಕಾಲಂ) ಬಳಸಬೇಡಿ. 0.1 ಎಂಬ ಸಂಖ್ಯೆ ಬೈನರಿಯಲ್ಲಿ ನಿಖರವಾಗಿ ಕೂರುವುದಿಲ್ಲ, ಕೂಡುತ್ತ ಹೋದಂತೆ ಪೈಸೆಗಳು ಜಾರುತ್ತವೆ. ಡೆಸಿಮಲ್(10,2) ಇಡಿ. ದಿನಾಂಕಕ್ಕೆ ಡೇಟ್ ಕಾಲಂ. ‘05-06-2024’ ಎಂದು ಪಠ್ಯವಾಗಿ ಬರೆದರೆ ವಿಂಗಡಣೆ ತಪ್ಪುತ್ತದೆ, ಅದು ಜೂನ್ ಐದೋ ಮೇ ಆರೋ ಎಂಬ ಗೊಂದಲವೂ ಉಳಿಯುತ್ತದೆ.

ಫಾರಿನ್ ಕೀಗಳನ್ನು (ಒಂದು ಟೇಬಲಿನಲ್ಲಿ ಬರೆದ ಸಂಖ್ಯೆ ಇನ್ನೊಂದರಲ್ಲಿ ಇರಲೇಬೇಕು ಎಂಬ ಕಟ್ಟಳೆ) ತಪ್ಪದೆ ಹಾಕಿ. ಇಲ್ಲದ ಸದಸ್ಯನ ಹೆಸರಿಗೆ ಎರವಲು ಬರೆಯಲು ಡೇಟಾಬೇಸೇ ಒಪ್ಪಬಾರದು. ಪ್ರೋಗ್ರಾಂ ನೋಡಿಕೊಳ್ಳುತ್ತದೆ ಎಂದು ಬಿಟ್ಟರೆ, ನಾಳೆ ಇನ್ನೊಬ್ಬರು ಬರೆದ ಪ್ರೋಗ್ರಾಂ ನೋಡಿಕೊಳ್ಳುವುದಿಲ್ಲ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ತಂತ್ರಾಂಶ ಬಳಸುವವರಿಗೆ ಒಂದು ಎಚ್ಚರಿಕೆ: ಅದರಲ್ಲಿ ಫಾರಿನ್ ಕೀ ಪರಿಶೀಲನೆ ಸಾಮಾನ್ಯವಾಗಿ ಆಫ್ ಆಗಿಯೇ ಇರುತ್ತದೆ. ಪ್ರತಿ ಸಂಪರ್ಕದಲ್ಲೂ ಪ್ರಾಗ್ಮಾ ಆದೇಶ ಕೊಟ್ಟು ಆನ್ ಮಾಡಬೇಕು.

ಕನ್ನಡ ಪಠ್ಯ

ಇದಕ್ಕೆ ಹೆಚ್ಚು ಹೊತ್ತು ಬೇಕು. ಲಿಪಿಗಳ ಒಂದೊಂದು ಸಂಕೇತಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದದ್ದು 128 ಸ್ಥಾನಗಳು. ಆ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್8 ಎನ್‌ಕೋಡಿಂಗ್‌ನಲ್ಲಿ ಒಂದೊಂದಕ್ಕೂ ಮೂರು ಬೈಟ್. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಅದು ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ, ಹದಿನೈದು ಬೈಟ್. ‘ಸ್ತ್ರೀ’ ಒಂದೇ ಅಕ್ಷರದಂತೆ ಕಂಡರೂ ಆರು ಸಂಕೇತ, ಹದಿನೆಂಟು ಬೈಟ್. ಮೈಎಸ್‌ಕ್ಯೂಎಲ್‌ನ ವಾರ್‌ಚಾರ್(100) ಎಂಬ ಪಠ್ಯ ಕಾಲಂ ಎಣಿಸುವುದು ಸಂಕೇತಗಳನ್ನು. ಉದ್ದನೆಯ ಶೀರ್ಷಿಕೆಗಳಿಗೆ ನೂರು ಸಾಲದು, 255 ಇಡಿ. ಪಟ್ಟಿಯಲ್ಲಿ ಹೆಸರನ್ನು ಮೊಟಕು ಮಾಡಲು ಲೆಫ್ಟ್ ಫಂಕ್ಷನ್ ಬಳಸಿದರೆ ಒತ್ತಕ್ಷರದ ನಡುವೆ ಕತ್ತರಿ ಬಿದ್ದು ‘ಸ್ತ್ರೀ’ ಹೋಗಿ ‘ಸ್’ ಉಳಿಯುತ್ತದೆ. ಮೊಟಕು ಮಾಡುವ ಕೆಲಸವನ್ನು ಪುಟದ ವಿನ್ಯಾಸ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬಿಡಿ.

ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂದು ಬಹಳ ಕಾಲದಿಂದ ಕರೆಯುತ್ತಿದ್ದದ್ದು ಅಕ್ಷರಕ್ಕೆ ಮೂರೇ ಬೈಟ್ ಹಿಡಿಯುವ ಅರೆ ವ್ಯವಸ್ಥೆ. ಕನ್ನಡ ಮೂರು ಬೈಟಿನದಾದ್ದರಿಂದ ಅದರಲ್ಲಿ ಸಲೀಸಾಗಿ ಕೂರುತ್ತದೆ, ಹಾಗಾಗಿ ತಪ್ಪು ಗೊತ್ತಾಗುವುದೇ ಇಲ್ಲ. ಓದುಗರೊಬ್ಬರು ಅಭಿಪ್ರಾಯದ ಕೊನೆಗೆ ಒಂದು ಇಮೋಜಿ ಹಾಕಿದ ದಿನ ದೋಷ 1366 ಬರುತ್ತದೆ, ಅಥವಾ ಕಟ್ಟುನಿಟ್ಟಿನ ಮೋಡ್ ಇಲ್ಲದಿದ್ದರೆ ಇಮೋಜಿಯಿಂದಾಚೆಗಿನ ಬರಹವೆಲ್ಲ ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಆರಿಸಬೇಕಾದದ್ದು ಯುಟಿಎಫ್8ಎಂಬಿ4. ಮೈಎಸ್‌ಕ್ಯೂಎಲ್ 8.0ರಿಂದ ಅದೇ ತಾನಾಗಿ ಬರುತ್ತದೆ. ಹಳೆಯ ಸರ್ವರಿನಲ್ಲಿದ್ದರೆ ಡೇಟಾಬೇಸ್, ಟೇಬಲ್, ಕಾಲಂ ಮೂರೂ ಕಡೆ ನೋಡಿಕೊಳ್ಳಿ. ನಾಲ್ಕನೆಯದು, ಎಲ್ಲರೂ ಮರೆಯುವುದು, ಪ್ರೋಗ್ರಾಂ ಮತ್ತು ಡೇಟಾಬೇಸಿನ ನಡುವಿನ ಸಂಪರ್ಕ. ಪಿಎಚ್‌ಪಿಯಿಂದ ಡೇಟಾಬೇಸ್ ಸಂಪರ್ಕಿಸುವ ಪಿಡಿಒದಲ್ಲಿ ಸಂಪರ್ಕದ ಸಾಲಿನಲ್ಲೇ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಎಂದು ಬರೆಯಬೇಕು.

ಕೆಟ್ಟಾಗ ಲಕ್ಷಣ ನೋಡಿ ರೋಗ ಗುರುತಿಸಬಹುದು. ಅಕ್ಷರಗಳ ಜಾಗದಲ್ಲಿ ಚೌಕಗಳು ಕಂಡರೆ ಮಾಹಿತಿ ಸರಿಯಾಗಿದೆ, ನೋಡುವವರ ಯಂತ್ರದಲ್ಲಿ ಫಾಂಟ್ ಇಲ್ಲ. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಮೂರು ವಿಚಿತ್ರ ಯುರೋಪಿಯನ್ ಅಕ್ಷರಗಳು ಕಂಡರೆ, ಸಂಪರ್ಕ ಲ್ಯಾಟಿನ್1 (ಯುರೋಪಿಯನ್ ಭಾಷೆಗಳ ಹಳೆಯ ಎನ್‌ಕೋಡಿಂಗ್) ಎಂದುಕೊಂಡು ಬೈಟ್‌ಗಳನ್ನು ಬಿಡಿಬಿಡಿಯಾಗಿ ಬರೆದಿದೆ. ಇಲ್ಲಿ ಮೋಸವೇನೆಂದರೆ, ಓದುವಾಗಲೂ ಅದೇ ತಪ್ಪು ಸಂಪರ್ಕ ಇರುವುದರಿಂದ ಜಾಲತಾಣದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಡೇಟಾಬೇಸನ್ನು ನೇರವಾಗಿ ತೋರಿಸುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ತೆರೆದಾಗ, ಇಲ್ಲವೇ ಸರ್ವರ್ ಬದಲಾಯಿಸಿದಾಗ ಮಾತ್ರ ಬಯಲಾಗುತ್ತದೆ. ಇದನ್ನು ಉಳಿಸಬಹುದು: ಆ ಕಾಲಮನ್ನು ಲ್ಯಾಟಿನ್1ಗೆ ತಿರುಗಿಸಿ, ಬಂದದ್ದನ್ನು ಬೈನರಿ ಎಂದು ಕರೆದು, ಮತ್ತೆ ಯುಟಿಎಫ್8ಎಂಬಿ4 ಎಂದು ಓದಿಸಬೇಕು. ಮೊದಲು ಟೇಬಲಿನ ನಕಲಿನ ಮೇಲೆ ಮಾಡಿ ನೋಡಿ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡು, ಡೇಟಾಬೇಸಿನೊಳಗೂ ಅವೇ ಇದ್ದರೆ ಅಲ್ಲಿಗೆ ಮುಗಿಯಿತು. ಮೂಲ ಅಕ್ಷರ ಹೋಗಿಬಿಟ್ಟಿದೆ, ಬ್ಯಾಕಪ್ ಒಂದೇ ದಾರಿ.

ಪ್ರಶ್ನಾರ್ಥಕ ಚಿಹ್ನೆಗಳು ಬರುವ ಇನ್ನೊಂದು ದಾರಿ ಎಕ್ಸೆಲ್. ಗ್ರಂಥಾಲಯದ ಹಳೆಯ ಪಟ್ಟಿ ಎಕ್ಸೆಲ್‌ನಲ್ಲಿ ಇದ್ದೇ ಇರುತ್ತದೆ. ಅದನ್ನು ಬರೀ ‘ಸಿಎಸ್‌ವಿ’ ಎಂದು ಉಳಿಸಿದರೆ ಕನ್ನಡ ಪೂರ್ತಿ ಅಳಿಯಬಹುದು. ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನೇ ಆರಿಸಿ, ಮೂಲ ಕಡತವನ್ನು ಮುಟ್ಟದೆ ಇಡಿ. ಹೀಗೆ ಉಳಿಸಿದ ಕಡತದ ಮೊದಲಿಗೆ ಕಣ್ಣಿಗೆ ಕಾಣದ ಮೂರು ಬೈಟ್‌ಗಳ ಗುರುತು ಸೇರಿಕೊಳ್ಳುತ್ತದೆ. ಮೊದಲ ಕಾಲಮಿನ ಹೆಸರು ಸರಿಯಾಗಿದ್ದರೂ ಪ್ರೋಗ್ರಾಂ ‘ಅಂಥ ಕಾಲಂ ಇಲ್ಲ’ ಎಂದರೆ ಕಾರಣ ಅದೇ. ಪಟ್ಟಿಯನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರೆ ಅದು ಯುನಿಕೋಡೇ ಅಲ್ಲ, ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಪರಿವರ್ತಕದಿಂದ ಯುನಿಕೋಡಿಗೆ ತಿರುಗಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಸಾಲುಗಳನ್ನು ಕಣ್ಣಿಟ್ಟು ಓದಿದ ಮೇಲೆಯೇ ಒಳಗೆ ಬಿಡಿ.

ಯುನಿಕೋಡಿನಲ್ಲೇ ಟೈಪ್ ಮಾಡಿದರೂ ಎರಡು ಬಲೆಗಳಿವೆ. ಮೊದಲನೆಯದು, ಒಂದೇ ಅಕ್ಷರಕ್ಕೆ ಎರಡು ಬರವಣಿಗೆ. ‘ಕೋ’ ಎಂಬುದನ್ನು ಕ ಮತ್ತು ಓತ್ವ ಎಂದು ಎರಡು ಸಂಕೇತದಲ್ಲಿ ಬರೆಯಬಹುದು. ಕ, ಎತ್ವ, ಊತ್ವ, ದೀರ್ಘದ ಗುರುತು ಎಂದು ನಾಲ್ಕರಲ್ಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಬೈಟ್‌ಗಳು ಬೇರೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಹುಡುಕಿದರೆ ‘ಸಿಗಲಿಲ್ಲ’ ಎಂಬ ಉತ್ತರ ಬರಬಹುದು. ಒಳಬರುವ ಪ್ರತಿಯೊಂದು ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಒಂದೇ ಬಗೆಯ ಯುನಿಕೋಡ್ ರೂಪಕ್ಕೆ ತಂದು ಉಳಿಸುವುದೇ ಮದ್ದು. ಪೈಥಾನಿನ ಯುನಿಕೋಡ್‌ಡೇಟಾ, ಪಿಎಚ್‌ಪಿಯ ನಾರ್ಮಲೈಸರ್, ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಇವು ಒಂದೇ ಸಾಲಿನಲ್ಲಿ ಮಾಡುತ್ತವೆ. ಹುಡುಕುವ ಪದಕ್ಕೂ ಅದೇ ಸಂಸ್ಕಾರ ಆಗಬೇಕು.

ಎರಡನೆಯದು ಕಣ್ಣಿಗೆ ಕಾಣದ ಜೋಡಕಗಳು. ‘ರ್‍ಯಾಂಕ್’ ಎಂದು ಬರೆಯಲು ಒಂದು, ‘ರಾಜ್‌ಕುಮಾರ್’ ಎಂದು ಒತ್ತಾಗದಂತೆ ಬರೆಯಲು ಇನ್ನೊಂದು ಅದೃಶ್ಯ ಸಂಕೇತ ಬೇಕು. ಒಬ್ಬರು ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ಇವನ್ನು ಮೂಲ ಹೆಸರಿನಿಂದ ಕಿತ್ತು ಹಾಕಿದರೆ ಬರಹದ ರೂಪವೇ ಬದಲಾಗುತ್ತದೆ. ಆದ್ದರಿಂದ ಪುಸ್ತಕ ಟೇಬಲಿನಲ್ಲಿ ‘ಶೀರ್ಷಿಕೆ’ಯ ಪಕ್ಕ ‘ಹುಡುಕು ರೂಪ’ ಎಂಬ ಎರಡನೆಯ ಕಾಲಂ ಇಡಿ. ಅದರಲ್ಲಿ ಎನ್‌ಎಫ್‌ಸಿ ಮಾಡಿ, ಜೋಡಕಗಳನ್ನು ತೆಗೆದು, ಕನ್ನಡ ಅಂಕಿಗಳನ್ನು 0-9ಕ್ಕೆ ತಿರುಗಿಸಿ, ಹೆಚ್ಚಿನ ಖಾಲಿ ಜಾಗ ಅಳಿಸಿದ ಪಠ್ಯ ಇರಲಿ. ತೋರಿಸುವುದು ಶೀರ್ಷಿಕೆಯನ್ನು, ಹುಡುಕುವುದು ಇದರಲ್ಲಿ. ಅಂಕಿಯ ಮಾತು ಬಂದಿದ್ದರಿಂದ ಹೇಳುತ್ತೇನೆ, ಪ್ರಕಟಣೆಯ ವರ್ಷದಲ್ಲಿ ಯಾರಾದರೂ ‘೧೯೮೪’ ಎಂದು ಕೊಟ್ಟರೆ ಪೈಥಾನ್ ಅದನ್ನು 1984 ಎಂದು ಸರಿಯಾಗಿ ಓದುತ್ತದೆ. ಪಿಎಚ್‌ಪಿ ಪೂರ್ಣಾಂಕ ಮಾಡಿದರೆ ಸೊನ್ನೆ ಸಿಗುತ್ತದೆ.

ಅಕಾರಾದಿ ವಿಂಗಡಣೆಗೂ ಗಮನ ಬೇಕು. ಯುನಿಕೋಡ್ ಕೋಷ್ಟಕದಲ್ಲಿ ಳ ಇರುವುದು ಲ ಆದ ಕೂಡಲೇ, ವ ಬರುವ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಕೋಷ್ಟಕದ ಕ್ರಮದಲ್ಲೇ ಜೋಡಿಸುವ ಬೈನರಿ ಕೊಲೇಶನ್ (ವಿಂಗಡಣೆಯ ನಿಯಮ) ಇಟ್ಟರೆ ‘ಹಳ್ಳಿ’ ಎಂಬುದು ‘ಹಸು’ವಿಗಿಂತ ಮೊದಲು ಬರುತ್ತದೆ, ನಿಘಂಟಿನಲ್ಲಿ ನಂತರ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಐಸಿಯು ಎಂಬ ಯುನಿಕೋಡ್ ತಂತ್ರಾಂಶದ ಕನ್ನಡ ಕೊಲೇಶನ್ ಸಿಗುತ್ತದೆ. ಯಾವುದನ್ನೇ ಆರಿಸಿ, ಹಸು, ಹಳ್ಳಿ, ಅಂಕ, ಅಕ್ಕ, ಕ್ಷಮೆ, ಕಾಡು ಎಂಬಂಥ ಹತ್ತು ಪದಗಳ ಪುಟ್ಟ ಟೇಬಲ್ ಮಾಡಿ ಆರ್ಡರ್ ಬೈ ಕೊಟ್ಟು ನೋಡಿದ ಮೇಲೆ ನಿರ್ಧರಿಸಿ.

ಹುಡುಕುವುದು

ಓದುಗರು ಹೆಚ್ಚಾಗಿ ಬಳಸುವುದು ಹುಡುಕು ಪೆಟ್ಟಿಗೆಯನ್ನು. ‘ಲೈಕ್’ ಎಂಬ ಷರತ್ತಿನಲ್ಲಿ ಪದದ ಹಿಂದೆ ಮುಂದೆ ಎರಡೂ ಕಡೆ ಶೇಕಡಾ ಚಿಹ್ನೆ (‘ಇಲ್ಲಿ ಏನಿದ್ದರೂ ಸರಿ’ ಎಂಬ ಗುರುತು) ಹಾಕಿದರೆ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ವಿಂಗಡಿಸಿದ ಸೂಚಿ) ಉಪಯೋಗಕ್ಕೆ ಬರುವುದಿಲ್ಲ. ಫೋನ್ ಡೈರೆಕ್ಟರಿಯಲ್ಲಿ ಹೆಸರಿನ ಮಧ್ಯದ ಅಕ್ಷರ ಗೊತ್ತಿದ್ದರೆ ಹುಡುಕಲಾಗದಂತೆಯೇ ಇದು. ಹತ್ತು ಸಾವಿರ ಸಾಲಿಗೆ ಅದರಿಂದ ತೊಂದರೆಯಿಲ್ಲ, ಪೂರ್ತಿ ಓದಲು ಕೆಲವು ಮಿಲಿಸೆಕೆಂಡ್ ಸಾಕು. ಕೊನೆಗೆ ಮಾತ್ರ ಶೇಕಡಾ ಚಿಹ್ನೆ ಹಾಕಿದರೆ ಇಂಡೆಕ್ಸ್ ಕೆಲಸ ಮಾಡುತ್ತದೆ. ವಿಭಕ್ತಿ ಪ್ರತ್ಯಯಗಳು ಕೊನೆಗೆ ಅಂಟುವ ನಮ್ಮ ಭಾಷೆಗೆ ಇದು ಚೆನ್ನಾಗಿ ಹೊಂದುತ್ತದೆ: ‘ಮನೆ’ ಎಂದು ಕೊಟ್ಟರೆ ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲವೂ ಸಿಗುತ್ತವೆ. ಉಕಾರಾಂತ ಪದಗಳಲ್ಲಿ ತಪ್ಪುತ್ತದೆ. ‘ಊರು’ ಎಂದು ಹುಡುಕಿದರೆ ‘ಊರಿಗೆ’ ಸಿಗದು, ಅಲ್ಲಿ ಕೊನೆಯ ಉಕಾರವೇ ಬಿದ್ದುಹೋಗಿದೆ. ಹುಡುಕುವ ಪದದ ಕೊನೆಯಲ್ಲಿ ಉಕಾರವಿದ್ದರೆ ಅದನ್ನು ಕಳಚಿ ‘ಊರ’ ಎಂದು ಹುಡುಕಿಸಿ. ಪೋಸ್ಟ್‌ಗ್ರೆಸ್‌ನ ಪೂರ್ಣಪಠ್ಯ ಹುಡುಕಾಟದೊಡನೆ ಹಿಂದಿ, ತಮಿಳಿಗೆ ಪದಮೂಲ ಹಿಡಿಯುವ ಸೌಲಭ್ಯ ಬರುತ್ತದೆ, ಕನ್ನಡಕ್ಕೆ ಬರುವುದಿಲ್ಲ. ಸದ್ಯಕ್ಕೆ ಇಂಥ ಸಣ್ಣ ನಿಯಮಗಳನ್ನು ನಾವೇ ಬರೆದುಕೊಳ್ಳಬೇಕು.

ಇಂಡೆಕ್ಸ್ ನಿಜವಾಗಿ ಬೇಕಾಗುವುದು ಎರವಲು ಟೇಬಲಿಗೆ. ದಿನಕ್ಕೆ ನೂರು ಎರವಲು, ವರ್ಷಕ್ಕೆ ಮುನ್ನೂರು ದಿನ ಎಂದರೆ ಹತ್ತು ವರ್ಷಕ್ಕೆ ಮೂರು ಲಕ್ಷ ಸಾಲು. ಪ್ರತಿಯ ಸಂಖ್ಯೆ, ಸದಸ್ಯರ ಸಂಖ್ಯೆ ಎರಡಕ್ಕೂ ಇಂಡೆಕ್ಸ್ ಇರಲಿ. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್‌ಗಳನ್ನು ಉಳಿಸುವ ಇಂಜಿನ್ ಆದ ಇನ್ನೋಡಿಬಿ, ಫಾರಿನ್ ಕೀ ಹಾಕಿದಾಗ ಇಂಡೆಕ್ಸನ್ನೂ ತಾನೇ ಮಾಡುತ್ತದೆ. ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ಪುಟ ನಿಧಾನವಾದರೆ ಊಹೆಗೆ ಹೋಗದೆ ಪ್ರಶ್ನೆಯ ಮುಂದೆ ‘ಎಕ್ಸ್‌ಪ್ಲೇನ್’ ಎಂದು ಬರೆದು ಎಷ್ಟು ಸಾಲು ಓದುತ್ತಿದೆ ಎಂದು ನೋಡಿ. ಬಹಳ ಸಲ ದೋಷ ಡೇಟಾಬೇಸಿನದಾಗಿರುವುದಿಲ್ಲ. ಐವತ್ತು ಪುಸ್ತಕಗಳ ಪಟ್ಟಿ ತಂದು, ಒಂದೊಂದರ ಲೇಖಕರಿಗಾಗಿ ಮತ್ತೆ ಒಂದೊಂದು ಪ್ರಶ್ನೆ ಕೇಳುತ್ತ ಪ್ರೋಗ್ರಾಂ 51 ಸಲ ಓಡಾಡುತ್ತಿರುತ್ತದೆ. ಟೇಬಲ್‌ಗಳನ್ನು ಒಂದೇ ಪ್ರಶ್ನೆಯಲ್ಲಿ ಕೂಡಿಸುವ ಒಂದು ಜಾಯಿನ್ ಸಾಕು.

ಕಳ್ಳದಾರಿ ಮತ್ತು ಕೊನೆಯ ಪ್ರತಿ

ಹುಡುಕು ಪೆಟ್ಟಿಗೆಯಲ್ಲಿ ಬಂದ ಪದವನ್ನು ಎಸ್‌ಕ್ಯೂಎಲ್ ವಾಕ್ಯಕ್ಕೆ ದಾರ ಕಟ್ಟಿದಂತೆ ಜೋಡಿಸಬೇಡಿ. ಪದದೊಳಗೆ ಒಂದು ಉದ್ಧರಣ ಚಿಹ್ನೆ ಬಂದರೆ ವಾಕ್ಯ ಅಲ್ಲಿಗೇ ಮುರಿಯುತ್ತದೆ, ಉಳಿದದ್ದು ಆದೇಶವಾಗಿ ಓಡುತ್ತದೆ. ಸದಸ್ಯರ ಫೋನ್ ಪಟ್ಟಿ ಇಡಿಯಾಗಿ ಹೊರಗೆ ಹೋಗಲು ಇಷ್ಟು ಸಾಕು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ: ವಾಕ್ಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಜಾಗ ಬಿಟ್ಟು, ಹುಡುಕುವ ಪದವನ್ನು ಬೇರೆಯಾಗಿ ಕಳಿಸಿ. ಆಗ ಬಂದದ್ದು ಏನೇ ಇರಲಿ, ಅದು ಬರೀ ಪಠ್ಯ. ಆದರೆ ಕಾಲಮಿನ ಹೆಸರನ್ನು ಹೀಗೆ ಕಳಿಸಲಾಗದು. ‘ಬೆಲೆಯ ಪ್ರಕಾರ ವಿಂಗಡಿಸು’ ಎಂಬಂಥ ಆಯ್ಕೆಗಳಿಗೆ, ಒಪ್ಪಿದ ಹೆಸರುಗಳ ಪಟ್ಟಿಯನ್ನು ಪ್ರೋಗ್ರಾಂನಲ್ಲೇ ಇಟ್ಟು ತಾಳೆ ನೋಡಿ.

ಜಾಲತಾಣ ಡೇಟಾಬೇಸಿಗೆ ಎಲ್ಲ ಹಕ್ಕೂ ಇರುವ ರೂಟ್ ಬಳಕೆದಾರನಾಗಿ ಹೋಗಬಾರದು. ಓದುವ, ಸೇರಿಸುವ, ತಿದ್ದುವ ಹಕ್ಕಷ್ಟೇ ಇರುವ ಬೇರೆ ಬಳಕೆದಾರನನ್ನು ಮಾಡಿ. ಸಂಪರ್ಕದ ಪಾಸ್‌ವರ್ಡ್ ಇರುವ ಕಡತ, ಬ್ರೌಸರಿಗೆ ತಲುಪುವ ಫೋಲ್ಡರಿನ ಹೊರಗಿರಲಿ. ಸದಸ್ಯರ ಪಾಸ್‌ವರ್ಡ್‌ಗಳನ್ನು ಹಾಗೇ ಇಡದೆ ಬಿಕ್ರಿಪ್ಟ್‌ನಂಥ ವಿಧಾನದಿಂದ ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದ ರೂಪ) ಮಾಡಿ 255ರ ಕಾಲಮಿನಲ್ಲಿ ಇಡಿ. ಬಿಕ್ರಿಪ್ಟ್ ಮೊದಲ 72 ಬೈಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕನ್ನಡದಲ್ಲಿ ಅಂದರೆ 24 ಸಂಕೇತ.

ಇನ್ನು ಕೊನೆಯ ಪ್ರತಿಯ ವಿಷಯ. ಒಂದೇ ಪ್ರತಿ ಉಳಿದಿದೆ, ಇಬ್ಬರು ಒಂದೇ ಕ್ಷಣ ‘ಕಾಯ್ದಿರಿಸು’ ಒತ್ತುತ್ತಾರೆ. ಪ್ರೋಗ್ರಾಂ ಮೊದಲು ‘ಇದೆಯೇ’ ಎಂದು ಕೇಳಿ ಆಮೇಲೆ ಬರೆದರೆ ಇಬ್ಬರಿಗೂ ‘ಇದೆ’ ಎಂದು ಉತ್ತರ ಸಿಗುತ್ತದೆ, ಇಬ್ಬರ ಹೆಸರೂ ಬೀಳುತ್ತದೆ. ಕೇಳುವುದನ್ನೂ ಬರೆಯುವುದನ್ನೂ ಒಂದೇ ಅಪ್‌ಡೇಟ್ ಮಾಡಿ: ಈ ಪ್ರತಿಯ ಸ್ಥಿತಿಯನ್ನು ‘ಹೊರಗೆ’ ಮಾಡು, ಅದು ಈಗ ‘ಒಳಗೆ’ ಇದ್ದರೆ ಮಾತ್ರ. ಎಷ್ಟು ಸಾಲು ಬದಲಾಯಿತು ಎಂದು ನೋಡಿ. ಒಂದು ಎಂದರೆ ಎರವಲು ಟೇಬಲಿಗೆ ಸಾಲು ಸೇರಿಸಿ. ಸೊನ್ನೆ ಎಂದರೆ ಇನ್ನೊಬ್ಬರು ಮೊದಲು ಪಡೆದಿದ್ದಾರೆ. ಎರಡೂ ಆದೇಶಗಳು ಒಂದೇ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ ಆಗಬೇಕು, ಇಲ್ಲವಾದರೆ ಯಾವುದೂ ಆಗಬಾರದು ಎಂಬ ಕಟ್ಟು) ಒಳಗಿರಲಿ, ನಡುವೆ ಕರೆಂಟ್ ಹೋದರೆ ಎರಡೂ ರದ್ದಾಗುತ್ತವೆ. ಮೈಎಸ್‌ಕ್ಯೂಎಲ್‌ನ ಹಳೆಯ ಇಂಜಿನ್ ಆದ ಮೈಐಸ್ಯಾಮ್‌ನ ಟೇಬಲ್‌ಗಳಲ್ಲಿ ಟ್ರಾನ್ಸಾಕ್ಷನ್ ಇಲ್ಲ, ದೋಷವನ್ನೂ ತೋರಿಸುವುದಿಲ್ಲ. ಟೇಬಲ್ ಇನ್ನೋಡಿಬಿ ಹೌದೇ ಎಂದು ಖಚಿತ ಮಾಡಿಕೊಳ್ಳಿ.

ಯಾವುದನ್ನು ಆರಿಸುವುದು, ಹೇಗೆ ಕಾಯುವುದು

ಇಷ್ಟು ಚಿಕ್ಕ ಗ್ರಂಥಾಲಯಕ್ಕೆ ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಎಸ್‌ಕ್ಯೂಲೈಟ್ ಧಾರಾಳ ಸಾಕು. ಇಡೀ ಡೇಟಾಬೇಸ್ ಒಂದೇ ಕಡತ, ಬೇರೆ ಸರ್ವರ್ ಬೇಡ. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು ಎಂಬುದು ಅದರ ಮಿತಿ, ನೆಟ್‌ವರ್ಕ್ ಡ್ರೈವಿನಲ್ಲಿ ಅದನ್ನು ಇಡಬಾರದು. ಬಾಡಿಗೆ ಹೋಸ್ಟಿಂಗ್ ಆದರೆ ಮೈಎಸ್‌ಕ್ಯೂಎಲ್ ಅಥವಾ ಅದರ ಕವಲಾದ ಮರಿಯಾಡಿಬಿ ಬಂದೇ ಇರುತ್ತದೆ. ಕನ್ನಡ ವಿಕಿಪೀಡಿಯ ಓಡುತ್ತಿರುವುದೂ ಮರಿಯಾಡಿಬಿ ಮೇಲೆಯೇ. ಸ್ವಂತ ಸರ್ವರ್ ಇದ್ದು ಕನ್ನಡ ವಿಂಗಡಣೆ ಮುಖ್ಯವಾದರೆ ನನ್ನ ಆಯ್ಕೆ ಪೋಸ್ಟ್‌ಗ್ರೆಸ್.

ಬ್ಯಾಕಪ್ ಪ್ರತಿ ರಾತ್ರಿ ತಾನಾಗಿ ಆಗಬೇಕು, ಮತ್ತು ಅದೇ ಸರ್ವರಿನಲ್ಲಿ ಮಾತ್ರ ಉಳಿಯಬಾರದು. ಮೈಎಸ್‌ಕ್ಯೂಎಲ್‌ನ ಬ್ಯಾಕಪ್ ಸಾಧನವಾದ ಮೈಎಸ್‌ಕ್ಯೂಎಲ್‌ಡಂಪ್ ಬಳಸುವವರು ‘ಸಿಂಗಲ್ ಟ್ರಾನ್ಸಾಕ್ಷನ್’ ಆಯ್ಕೆ ಕೊಡಿ, ಇಲ್ಲದಿದ್ದರೆ ಡಂಪ್ ಮುಗಿಯುವ ತನಕ ಟೇಬಲ್‌ಗಳಿಗೆ ಬೀಗ ಬೀಳುತ್ತದೆ. ಮೈಎಸ್‌ಕ್ಯೂಎಲ್ 5.7 ಅಥವಾ ಅದಕ್ಕಿಂತ ಹಳೆಯದರಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಎಂದೂ ಬರೆಯಿರಿ. ಆಮೇಲೆ ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ನಿಜವಾಗಿಯೂ ತುಂಬಿಸಿ. ಪುಸ್ತಕ, ಪ್ರತಿ, ಎರವಲು ಟೇಬಲ್‌ಗಳ ಸಾಲಿನ ಎಣಿಕೆ ಮೂಲಕ್ಕೆ ಹೊಂದುತ್ತದೆಯೇ ನೋಡಿ. ಒತ್ತಕ್ಷರ ದಟ್ಟವಾಗಿರುವ ಇಪ್ಪತ್ತು ಶೀರ್ಷಿಕೆಗಳನ್ನು ತೆರೆದು ಓದಿ. ನಿನ್ನೆ ಸಂಜೆ ಕೊಟ್ಟ ಕೊನೆಯ ಎರವಲು ಅದರಲ್ಲಿದೆಯೇ ಎಂದು ಹುಡುಕಿ.